ಪದ್ಯ ಮುಗಿದ ಮೇಲಿನ ಮಾತು

ವೇಷ ಕಟ್ಟಿ ರಂಗವೇರಿದವನನ್ನು ನೋಡುವವರಿಗೆ ಕಾಣುವುದು ಕಿರೀಟ, ಕೇಳುವುದು ಚೆಂಡೆಯ ಪೆಟ್ಟು. ಅವನ ಗಂಟಲು ಒಣಗಿರುವುದಾಗಲಿ, ಅಂಗೈ ಬೆವರಿರುವುದಾಗಲಿ ಯಾರ ಗಮನಕ್ಕೂ ಬರುವುದಿಲ್ಲ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಅಧ್ಯಾಪಕನಾಗಿ, ಮುಖ್ಯೋಪಾಧ್ಯಾಯನಾಗಿ ದುಡಿದ ನನಗೆ ಮಕ್ಕಳನ್ನು ರಂಗಕ್ಕೆ ಅಣಿಗೊಳಿಸುವುದೂ ರಜಾದಿನಗಳಲ್ಲಿ ತಾಳಮದ್ದಳೆಯ ಕೂಟಗಳಲ್ಲಿ ಅರ್ಥ ಹೇಳುವುದೂ ಪಾಠದಷ್ಟೇ ಪ್ರಿಯವಾಗಿದ್ದವು. ನಟನಿಗೆ ಎದುರಾಗುವ ತೊಡಕುಗಳಲ್ಲಿ ನಾನು ಹತ್ತಿರದಿಂದ ಕಂಡ ಕೆಲವನ್ನೂ ಅವುಗಳನ್ನು ದಾಟುವ ಬಗೆಯನ್ನೂ ಇಲ್ಲಿ ನಿವೇದಿಸುತ್ತೇನೆ.

ಮೊದಲನೆಯದು ಸಭಾಕಂಪ. ಇದು ಹೇಡಿತನವಲ್ಲ, ಸಭೆಯ ಮೇಲೆ ಗೌರವವಿರುವವನಿಗೆ ಅದು ಇದ್ದೇ ಇರುತ್ತದೆ. ನಮ್ಮ ತೆಂಕುತಿಟ್ಟಿನ ಯಕ್ಷಗಾನವು ಇದಕ್ಕೆ ಮದ್ದನ್ನು ತನ್ನ ಕಟ್ಟಿನೊಳಗೇ ಇರಿಸಿಕೊಂಡಿದೆ. ಮೇಳಕ್ಕೆ ಸೇರಿದ ಹುಡುಗನಿಗೆ ಒಮ್ಮೆಲೇ ಅಭಿಮನ್ಯುವಿನ ಪಾತ್ರ ದೊರೆಯುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವನು ಏರಬೇಕಾಗಿತ್ತು. ಅಲ್ಲಿ ಮಾತಿನ ಭಾರವಿಲ್ಲ, ಸಭಿಕರಿನ್ನೂ ಬಂದು ಕುಳಿತುಕೊಳ್ಳುತ್ತಿರುವ ಹೊತ್ತು. ರಂಗದ ಬೆಳಕು, ತಾಳದ ನಡೆ, ನೂರಾರು ಕಣ್ಣುಗಳ ನೋಟ ಎಲ್ಲವೂ ಅಭ್ಯಾಸವಾದ ಬಳಿಕವೇ ಮಾತಿನ ಸರದಿ. ಶಾಲೆಯಲ್ಲಿಯೂ ನಾನು ಇದೇ ಕ್ರಮವನ್ನು ಅನುಸರಿಸಿದೆ. ವಾರ್ಷಿಕೋತ್ಸವದ ನಾಟಕಕ್ಕೆ ಆಯ್ದ ಮಗು ಜೂನ್ ತಿಂಗಳಿನಿಂದಲೇ ಬೆಳಗಿನ ಅಸೆಂಬ್ಲಿಯಲ್ಲಿ ವಾರ್ತೆ ಓದಬೇಕು. ಅನಂತರ ಒಂದು ಗಾದೆಯನ್ನು ವಿವರಿಸಬೇಕು. ಡಿಸೆಂಬರ್ ಬರುವಷ್ಟರಲ್ಲಿ ಸಭೆಯು ಅದಕ್ಕೆ ಅಪರಿಚಿತವಾಗಿ ಉಳಿಯುತ್ತಿರಲಿಲ್ಲ.

ಎರಡನೆಯದು ಮರೆವು. ಯಕ್ಷಗಾನದಲ್ಲಿ ಬರೆದಿಟ್ಟ ಸಂಭಾಷಣೆಯನ್ನು ಒಪ್ಪಿಸುವ ಪದ್ಧತಿಯಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥವನ್ನು ವೇಷಧಾರಿ ತಾನೇ ಕಟ್ಟಬೇಕು. ಉರು ಹೊಡೆದು ಬಂದವನಿಗೆ ಒಂದು ಪದ ಜಾರಿದರೆ ಮುಂದಿನ ಹತ್ತು ವಾಕ್ಯಗಳೂ ಜಾರುತ್ತವೆ. ಕಥೆಯ ಹಿಂದುಮುಂದನ್ನು, ಪಾತ್ರದ ಆಶಯವನ್ನು ಮನನ ಮಾಡಿಕೊಂಡವನಿಗಾದರೋ ಪದ್ಯದ ಒಂದೊಂದು ಶಬ್ದವೂ ಒಂದೊಂದು ಊರುಗೋಲಾಗುತ್ತದೆ. ಒಮ್ಮೆ ಅಭಿಮನ್ಯುವಾಗಿದ್ದ ಒಂಬತ್ತನೆಯ ತರಗತಿಯ ಬಾಲಕ ನಡುರಂಗದಲ್ಲಿ ಮೌನವಾಗಿಬಿಟ್ಟ. ದ್ರೋಣನ ವೇಷದ ಹುಡುಗ ಗಾಬರಿಯಾಗಲಿಲ್ಲ. “ಮಗೂ, ಮಾತು ನಿಂತಿತೇಕೆ? ವ್ಯೂಹ ಕಂಡು ಅಂಜಿದೆಯೋ, ಅಪ್ಪನ ನೆನಪಾಯಿತೋ?” ಎಂದು ಕೇಳಿದ. ಆ ಪ್ರಶ್ನೆಯೇ ಅಭಿಮನ್ಯುವಿಗೆ ದಾರಿಯಾಯಿತು. “ಅಪ್ಪನ ನೆನಪೇ ನನ್ನ ಬಲ” ಎಂದು ಅವನು ಮುಂದುವರಿದ. ಸಹನಟನನ್ನು ಎತ್ತಿ ನಿಲ್ಲಿಸುವುದೂ ಅಭಿನಯದ ಒಂದು ಅಂಗವೆಂಬುದನ್ನು ಆ ದಿನ ನಾನು ತರಗತಿಯಲ್ಲಿ ವಿವರಿಸಬೇಕಾದ ಅಗತ್ಯವೇ ಬೀಳಲಿಲ್ಲ.

ಮೂರನೆಯದು ಭಾಷೆ, ನಮ್ಮ ಗಡಿನಾಡಿಗೆ ಇದೇ ಮುಖ್ಯವಾದುದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಹೀಗೆ ಹಲವು. ರಂಗದ ಮೇಲಿನ ಗ್ರಾಂಥಿಕ ಕನ್ನಡ ಇವರಲ್ಲಿ ಯಾರ ಮನೆಯ ಮಾತೂ ಅಲ್ಲ. ತುಳುವಿನ ದೇಸಿ ಪದಗಳಲ್ಲಿ ಮಹಾಪ್ರಾಣವಿಲ್ಲದಿರುವುದರಿಂದ ‘ಧರ್ಮ’ವು ‘ದರ್ಮ’ವಾಗುವುದು ಸಹಜ. ಮನೆಯಲ್ಲಿ ಮಲಯಾಳವಾಡುವ ಒಬ್ಬ ಹುಡುಗಿಗೆ ದಾಕ್ಷಾಯಣಿಯ ಪಾತ್ರ ಮಾಡುವ ಆಸೆ. “ಸಾರ್, ನನ್ನ ಕನ್ನಡ ಕೇಳಿ ಜನ ನಗುತ್ತಾರೆ” ಎಂದು ಹಿಂಜರಿದಳು. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಕ’, ‘ಖ’ ಎಂದು ಉಚ್ಚರಿಸಲು ಹೇಳಿದೆ. ಎರಡನೆಯದರಲ್ಲಿ ಉಸಿರು ಅಂಗೈಗೆ ತಾಗುವುದನ್ನು ಅವಳೇ ಕಂಡುಕೊಂಡಳು. ಬಳಿಕ ದಿನಕ್ಕೆ ಒಂದು ಪುಟದಂತೆ ನಾಲ್ಕು ತಿಂಗಳು ಗಟ್ಟಿಯಾಗಿ ಓದಿದಳು. ಪ್ರದರ್ಶನದ ರಾತ್ರಿ, ಕನ್ನಡ ಓದಲು ಬಾರದ ಅವಳ ಅಜ್ಜಿ ಮುಂದಿನ ಸಾಲಿನಲ್ಲಿ ಕುಳಿತು ದಕ್ಷನ ಸಭೆಯ ಅವಮಾನಕ್ಕೆ ಕಣ್ಣೊರೆಸಿಕೊಂಡರು.

ನಾಲ್ಕನೆಯದು ಶರೀರ ಮತ್ತು ಶಾರೀರ. ಬಣ್ಣದ ವೇಷದವನು ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲೆಂದೇ ಚೌಕಿಯಲ್ಲಿ ಗಂಟೆಗಟ್ಟಲೆ ಕುಳಿತಿರಬೇಕು. ಅನಂತರ ಭಾರದ ಕಿರೀಟ ಹೊತ್ತು ಕುಣಿಯಬೇಕು. ಚೆಂಡೆಯನ್ನು ಮೀರಿ ಕೂಗಲು ಹೊರಟವನ ಗಂಟಲು ನಡುರಾತ್ರಿಗೇ ಒಡೆಯುತ್ತದೆ. ಚೆಂಡೆ ನಿಂತ ಮೇಲೆ, ಭಾಗವತರ ಶ್ರುತಿಗೆ ಹೊಂದಿಸಿ, ಹೊಟ್ಟೆಯಿಂದ ಉಸಿರೆತ್ತಿ ಆಡಿದ ಮಾತು ಕೊನೆಯ ಸಾಲಿಗೂ ಮುಟ್ಟುತ್ತದೆ. ಹದಿಮೂರು ಹದಿನಾಲ್ಕರ ಹುಡುಗರಿಗೆ ಸ್ವರ ಒಡೆಯುವ ಕಾಲ ಇನ್ನೊಂದು ಸಂಕಟ. ಸ್ತ್ರೀವೇಷ ಕೈತಪ್ಪಿತೆಂದು ಅತ್ತ ಹುಡುಗನೊಬ್ಬನಿಗೆ ಮರುವರ್ಷ ರಕ್ಕಸನ ವೇಷ ಕೊಟ್ಟೆವು. ಒಡೆದ ಸ್ವರವೇ ಅಲ್ಲಿ ಆಭರಣವಾಯಿತು.

ಐದನೆಯದು ಅಹಂಕಾರ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ ಬಂಡವಾಳ. ಚಪ್ಪಾಳೆ ಬಿದ್ದೊಡನೆ ವಾಲಿ ತಾನು ಸಾಯಬೇಕಾದವನೆಂಬುದನ್ನು ಮರೆಯುವ ಅಪಾಯವುಂಟು. ನಮ್ಮದೇ ನೆಲದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿ, ರಾವಣ, ಮಾಗಧರಂತಹ ಪ್ರತಿನಾಯಕರಿಗೂ ಅವರವರ ನ್ಯಾಯವನ್ನು ಒದಗಿಸಿದವರು. ಪ್ರಶ್ನೆಯನ್ನು ಸಭೆಯಲ್ಲಿ ಉಳಿಸಿ, ಕಥೆ ಬೇಡುವ ಸೋಲನ್ನು ಒಪ್ಪಿಕೊಳ್ಳುವುದು ಅರ್ಥಧಾರಿಯ ಸಂಸ್ಕಾರ. ರಾಮ, ವಾಲಿ ಇಬ್ಬರೂ ಕೂಟ ಮುಗಿದೊಡನೆ ಒಂದೇ ಬೆಂಚಿನಲ್ಲಿ ಕುಳಿತು ಚಹಾ ಕುಡಿಯಬೇಕು ಎಂದು ಹಿರಿಯ ಅರ್ಥಧಾರಿಯೊಬ್ಬರು ನನಗೆ ಹೇಳುತ್ತಿದ್ದರು. ರಂಗದ ವಾದವನ್ನು ಮನೆಗೆ ಒಯ್ಯದಿರಲು ಅದಕ್ಕಿಂತ ಸುಲಭದ ಉಪಾಯವಿಲ್ಲ.

ಇವೆಲ್ಲವನ್ನೂ ನಟನು ತನ್ನ ಸಾಧನೆಯಿಂದ ದಾಟಬಲ್ಲ. ಅವನೊಬ್ಬನಿಂದಲೇ ದಾಟಲಾಗದ ತೊಡಕೊಂದು ಉಳಿದಿದೆ, ಅದು ಜೀವನೋಪಾಯ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ವೃತ್ತಿ ಕಲಾವಿದನಿಗೆ ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟ ಪುನಃ ಆರಂಭವಾಗುವವರೆಗೆ ಮಳೆಗಾಲವನ್ನು ಕಳೆಯಬೇಕು. ಕೆಲವರು ಚಿಕ್ಕಮೇಳ ಕಟ್ಟಿ ಮನೆಮನೆಗೆ ಹೋಗುತ್ತಾರೆ, ಕೆಲವರು ತೋಟದ ಕೆಲಸಕ್ಕೆ ಹೋಗುತ್ತಾರೆ. ವೇಷ ಕಟ್ಟಬೇಕೆಂಬ ತರುಣರಿಗೆ ಓದನ್ನು ಬಿಡಬೇಡಿ, ಕೈಯಲ್ಲೊಂದು ಉದ್ಯೋಗವಿರಲಿ ಎಂದೇ ನಾನು ಹೇಳುತ್ತ ಬಂದಿದ್ದೇನೆ. ಸಂಘಗಳಿಗೆ ಹೇಳುವ ಮಾತು ಬೇರೆ. ಶಾಲು, ಹಾರ, ಫಲಕಗಳ ಸಮ್ಮಾನ ಒಳ್ಳೆಯದೇ. ಆದರೆ ಒಪ್ಪಿದ ಸಂಭಾವನೆಯನ್ನು ಅದೇ ರಾತ್ರಿ ಕೈಗಿಡುವುದು ಅದಕ್ಕಿಂತ ದೊಡ್ಡ ಸಮ್ಮಾನ. ಮಳೆಗಾಲದ ನಾಲ್ಕೈದು ತಿಂಗಳು ಅಂತಹ ಕಲಾವಿದರೊಬ್ಬರನ್ನು ಕರೆಸಿ, ವಾರಕ್ಕೆರಡು ಸಂಜೆ ಮಕ್ಕಳಿಗೆ ಹೆಜ್ಜೆ ಮತ್ತು ಅರ್ಥಗಾರಿಕೆಯ ತರಗತಿ ನಡೆಸಿದರೆ ಕಲಿಸುವವರ ಮನೆಯೂ ನಡೆಯುತ್ತದೆ, ಕಲಿಯುವವರ ಕನ್ನಡವೂ ಬೆಳೆಯುತ್ತದೆ.

ನನ್ನ ಆಸುಪಾಸಿನಲ್ಲಿ ಕನ್ನಡ ಮಾಧ್ಯಮ ಬಿಟ್ಟು ಬೇರೆ ಮಾಧ್ಯಮಕ್ಕೆ ಹೋದ ಮಕ್ಕಳು ಹಲವರಿದ್ದಾರೆ. ಅವರಲ್ಲಿ ಕೆಲವರಿಗೆ ಇಂದು ತುಂಬು ಕನ್ನಡ ಕಿವಿಗೆ ಬೀಳುವುದು ಸಂಜೆಯ ಯಕ್ಷಗಾನದ ತರಗತಿಯಲ್ಲಿ ಮಾತ್ರ. ಅವರು ಎಡವಿ ಎಡವಿ ಅರ್ಥ ಹೇಳುವಾಗ ನಗದೆ ಕುಳಿತು ಕೇಳುವುದು ಸಭಿಕರಾದ ನಮ್ಮ ಪಾಲಿನ ಅಭ್ಯಾಸ.