ಖಾಲಿ ಸಿಡಿಯ ಬೆನ್ನು

ಖಾಲಿ ಸಿಡಿ ಕೈಗೆ ಬಂದ ಕೂಡಲೇ ಮಗುಚಿ ಬೆನ್ನು ನೋಡುವುದು ನನ್ನ ಅಭ್ಯಾಸ. ಟ್ಯೂಬ್‌ಲೈಟಿನ ಕೆಳಗೆ ತುಸು ಓರೆಯಾಗಿ ಹಿಡಿದರೆ ಸಾಕು, ಬಣ್ಣವೇ ಅದರ ಕುಲ ಹೇಳುತ್ತದೆ. ಹಸಿರು ಬೆರೆತ ನೀಲಿ ಇದ್ದರೆ ಸಯನಿನ್. ಶಾಯಿಯಂಥ ಕಡುನೀಲಿ ಇದ್ದರೆ ಅಜೋ. ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ ಹಳದಿ-ಹಸಿರು ಇದ್ದರೆ ಥ್ಯಾಲೋಸಯನಿನ್. ಲೇಸರ್ ಸುಡುವುದು ಈ ಬಣ್ಣದ ಪದರವನ್ನೇ. ನಾನು ರೆಕಾರ್ಡ್ ಮಾಡುವ ಯಕ್ಷಗಾನದ ಭಾಗವತರ ಏರುದನಿ, ಮದ್ದಳೆಯ ನುಡಿತ, ಅರ್ಥಧಾರಿಯ ಒಂದು ಗಳಿಗೆಯ ಮೌನ, ಎಲ್ಲವೂ ಅಲ್ಲಿ ಐದು ಕಿಲೋಮೀಟರಿಗೂ ಉದ್ದದ ಒಂದು ಸುರುಳಿ ಗೆರೆಯಾಗಿ ಉಳಿಯುತ್ತವೆ.

ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿದ್ದುಕೊಂಡು ಸುತ್ತಲಿನ ತಾಳಮದ್ದಳೆ, ಆಟ, ಹಾಲಕ್ಕಿಯವರ ಸುಗ್ಗಿ ಪದ ಇವನ್ನೆಲ್ಲ ರೆಕಾರ್ಡ್ ಮಾಡುವುದು ನನ್ನ ಬಿಡುವಿನ ಪ್ರೀತಿ. ಅಂಕೋಲೆ ಸೀಮೆಯಲ್ಲಿ ಹಾಡು ಇರುವುದು ಪುಸ್ತಕದಲ್ಲಲ್ಲ, ಅಜ್ಜಿಯರ ನೆನಪಿನಲ್ಲಿ. ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ಹೊತ್ತಿದ್ದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂಥವರ ಕಾಲದ ದನಿಯನ್ನು ಸಿಕ್ಕಿದ್ದರಲ್ಲಿ ತುಂಬಿಡಲು ನನಗೆ ಮನಸ್ಸಾಗುವುದಿಲ್ಲ. ಒಮ್ಮೆ ಒಬ್ಬ ಅಜ್ಜಿ ಸಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ತಮಾ, ಪದ ಎಲ್ಲಿ ಕೂತದೆ?" ಎಂದು ಕೇಳಿದರು. ಸುಟ್ಟ ಭಾಗಕ್ಕೂ ಸುಡದ ಭಾಗಕ್ಕೂ ನಡುವೆ ಬಣ್ಣ ಬದಲಾಗುವ ಉಂಗುರವನ್ನು ತೋರಿಸಿದೆ. "ಇಷ್ಟು ತೆಳ್ಳಗಾ?" ಎಂದರು. ಹೌದು, ಅಷ್ಟು ತೆಳ್ಳಗೆ!

ಡಬ್ಬಿಯ ಮೇಲಿನ ಹೆಸರನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಹೆಸರಿನ ಡಬ್ಬಿಯಲ್ಲಿ ಈ ವರ್ಷ ಒಂದು ಕಾರ್ಖಾನೆಯ ಮಾಲು, ಬರುವ ವರ್ಷ ಇನ್ನೊಂದರದು. ಆದರೆ ಪ್ರತಿ ಖಾಲಿ ಸಿಡಿಯ ಒಳಸುತ್ತಿನಲ್ಲಿ ಒಂದು ಸಂಕೇತ ಅಚ್ಚಾಗಿರುತ್ತದೆ, ಕಂಪ್ಯೂಟರ್ ಅದನ್ನು ಓದಿ ಹೇಳುತ್ತದೆ. 97:24:01 ಎಂದು ಬಂದರೆ ಜಪಾನಿನ ತೈಯೋ ಯುಡೆನ್, ಈ ಬಗೆಯ ಸಿಡಿಯನ್ನು 1988ರಲ್ಲಿ ಲೋಕಕ್ಕೆ ಕೊಟ್ಟವರು. 97:17:06 ಬಂದರೆ ಕಡಿಮೆ ಬೆಲೆಯ ಸಿನಿಮಾ ಡಿಸ್ಕುಗಳಿಂದ ನಮ್ಮಲ್ಲಿ ಮನೆಮಾತಾಗಿದ್ದ ಮೋಸರ್ ಬೇರ್. ಕಾರವಾರದಲ್ಲಿ ನಾನು ಹೋಗುತ್ತಿದ್ದ ಅಂಗಡಿಯವರಿಗೆ ನನ್ನ ಈ ಗುಣ ಗೊತ್ತಿತ್ತು. "ಒಂದು ಬಿಡಿ ಕೊಡ್ತೆ, ಮನೇಲಿ ನೋಡಿ ಬನ್ನಿ. ಸರಿ ಕಂಡ್ರೆ ಡಬ್ಬಿ ಒಯ್ಯಿ" ಎನ್ನುತ್ತಿದ್ದರು. ಇದು ಅತಿಯಾಯಿತು ಎನ್ನುವವರಿಗೆ ನಮ್ಮ ಊರಿನ ಅಣುವಿದ್ಯುತ್ ಸ್ಥಾವರ ತೋರಿಸುತ್ತೇನೆ. ಅಲ್ಲಿಯ ಒಂದನೇ ಘಟಕ 962 ದಿನ ಒಂದೇ ಸಮನೆ ಓಡಿ 2018ರ ಡಿಸೆಂಬರ್ 31ರಂದು ನಿಂತಾಗ ಅದು ವಿಶ್ವದಾಖಲೆಯಾಗಿತ್ತು. ಯಾರು ಮಾಡಿದ್ದು, ಯಾವ ಬ್ಯಾಚಿನದು ಎಂದು ಕೇಳದೆ ಬಿಡಿಭಾಗ ಹಾಕಿದ್ದರೆ ಅಷ್ಟು ದಿನ ಓಡುತ್ತಿತ್ತೇ?

ನಮ್ಮ ಮಳೆಗಾಲವನ್ನು ಸಿಡಿ ತಡೆಯಬೇಕು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಹೊಯ್ಯುವ ಕರಾವಳಿ ಇದು, ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಮಧ್ಯ ಅಮೆರಿಕದ ಬೆಲೀಜ್‌ನಿಂದ ಬಂದ ಸಿಡಿಯೊಂದರ ಅಲ್ಯೂಮಿನಿಯಂ ಪದರವನ್ನು ಬೂಷ್ಟು ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಓದಿದಾಗ ನಮ್ಮ ಮನೆಯ ಕಪಾಟೇ ಕಣ್ಣಿಗೆ ಬಂತು. ಸಿಡಿಯ ಕೆಳಗಿನ ಪ್ಲಾಸ್ಟಿಕ್ ದಪ್ಪ, ಸುಲಭಕ್ಕೆ ಬಗ್ಗುವುದಿಲ್ಲ. ಸೂಕ್ಷ್ಮವಾದದ್ದು ಹೆಸರು ಬರೆಯುವ ಮೇಲ್ಮೈ. ಬರಿಯ ಅರಗಿನ ಲೇಪದಡಿಯೇ ಹೊಳೆಯುವ ಲೋಹ, ಅದರಡಿ ಬಣ್ಣ. ಹಾಗಾಗಿ ಅಂಟಿನ ಚೀಟಿ ಹಚ್ಚಲೇಬಾರದು, ತೇವಕ್ಕೆ ಅದು ಸುರುಟಿ ಏಳುವಾಗ ಲೋಹವನ್ನೂ ಕಿತ್ತುಕೊಂಡು ಬರಬಹುದು. ಬಾಲ್‌ಪೆನ್ನೂ ಬೇಡ. ನಾನು ನಡುವಿನ ಪಾರದರ್ಶಕ ಬಳೆಯ ಮೇಲೆ ಮಾತ್ರ ನೀರಿನ ಶಾಯಿಯ ಮಾರ್ಕರಿನಲ್ಲಿ ಪ್ರಸಂಗದ ಹೆಸರು, ತಾರೀಕು ಬರೆಯುತ್ತೇನೆ. ಬೆಳ್ಳಿಯ ಪದರ ಗಾಳಿಯ ಗಂಧಕಕ್ಕೆ ಕಪ್ಪಾಗುತ್ತದೆ, ಚಿನ್ನ ಆಗುವುದಿಲ್ಲ. ಎಂದೆಂದಿಗೂ ಬೇಕೆನಿಸುವ ದನಿಗಳಿಗೆ ಚಿನ್ನದ ಪದರದ ಥ್ಯಾಲೋಸಯನಿನ್ ಸಿಡಿ, ದುಬಾರಿಯಾದರೂ ಸೈ.

ಕೆಟ್ಟದ್ದು ಕಿವಿಗೆ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಎರಡು ಮಿಲಿಮೀಟರಿನಷ್ಟು ಗೀರಿನಲ್ಲಿ ಕಳೆದುಹೋದದ್ದನ್ನೂ ಸಿಡಿಯೊಳಗಿನ ತಿದ್ದುವ ಗಣಿತ ಪೂರ್ತಿ ಮರಳಿ ಕಟ್ಟಿಕೊಡುತ್ತದೆ, ನಾವು ನೆಮ್ಮದಿಯಾಗಿ ಕೇಳುತ್ತಿರುತ್ತೇವೆ. ಅದಕ್ಕೇ ಮಳೆ ಮುಗಿದ ಮೇಲೆ ಒಂದೊಂದನ್ನೂ ಡ್ರೈವಿಗೆ ಹಾಕಿ ತಪ್ಪುಗಳ ಎಣಿಕೆ ನೋಡುತ್ತೇನೆ. ಸೆಕೆಂಡಿಗೆ 220 ಎನ್ನುವುದು ಒಪ್ಪಿತ ಮಿತಿ. ಅದರ ಹತ್ತಿರಕ್ಕೂ ಹೋಗದೆ ಹತ್ತಿಪ್ಪತ್ತರಲ್ಲೇ ನಿಂತ ಹಳೆಯ ಸಿಡಿ ಕಂಡರೆ ಆಗುವ ಸಂತೋಷವೇ ಬೇರೆ. ಎಣಿಕೆ ಏರಿದ್ದರೆ ಅಂದೇ ಹೊಸದಕ್ಕೆ ನಕಲು.

ಸುಡುವಾಗ ಅವಸರ ಕೂಡದು, ಅತಿ ನಿಧಾನವೂ ಕೂಡದು. 52 ಪಟ್ಟು ವೇಗಕ್ಕೆಂದು ಮಾಡಿದ ಸಿಡಿಯನ್ನು ಒಂದು ಪಟ್ಟಿನಲ್ಲಿ ಸುಟ್ಟರೆ ಗುಳಿಗಳು ಹದಗೆಡುತ್ತವೆ. 16 ಪಟ್ಟು ನನ್ನ ಡ್ರೈವಿಗೆ ಒಗ್ಗಿದ ವೇಗ. ಇಡೀ ಸಿಡಿಯನ್ನು ಒಂದೇ ಬೀಸಿಗೆ ಸುಡುವುದೂ ಮುಖ್ಯ, ಇಲ್ಲದಿದ್ದರೆ ಟ್ರ್ಯಾಕಿಗೊಮ್ಮೆ ಎರಡು ಸೆಕೆಂಡಿನ ಖಾಲಿ ಬಂದು ಪದದ ಬೆನ್ನಿಗೇ ಏಳುವ ಚಂಡೆ ಮುರಿಯುತ್ತದೆ.

ಇನ್ನು 80 ನಿಮಿಷದ ಗಡಿ. ಬೆಳಗಿನವರೆಗಿನ ತಾಳಮದ್ದಳೆಯನ್ನು ಎಲ್ಲಿ ತುಂಡು ಮಾಡುವುದು? ಗಡಿಯಾರ ನೋಡಿ ಕತ್ತರಿಸಿದರೆ ಅರ್ಥಧಾರಿಯ ಮಾತು ನಡುವೆಯೇ ನಿಲ್ಲುತ್ತದೆ. ನಾನು ಮೊದಲು ಇಡೀ ಪ್ರಸಂಗ ಕೇಳುತ್ತೇನೆ. ಅರ್ಥ ಮುಗಿದು ಭಾಗವತರು ಮುಂದಿನ ಪದಕ್ಕೆ ಶ್ರುತಿ ಹಿಡಿಯುವ ಕ್ಷಣ ಹುಡುಕಿ ಅಲ್ಲಿ ಕಡಿಯುತ್ತೇನೆ, ಅದು 62ನೇ ನಿಮಿಷಕ್ಕೇ ಬಂದರೂ ಸರಿ. ಉಳಿದ ಹದಿನೆಂಟು ನಿಮಿಷ ಖಾಲಿಯೇ ಇರಲಿ, ಹೊಸ ಸಿಡಿ ಪದದಿಂದಲೇ ಶುರುವಾಗಬೇಕು.