ಗೇರ್ ಬಾಕ್ಸ್ ಇಳಿಸೋಕೆ ಮುಂಚೆ

ಈ ಸಲ ಬೆಳೆ ವಿಷಯ ಅಲ್ಲ, ಬೆಳೆ ಸಾಗಿಸೋ ಗಾಡಿ ವಿಷಯ. ನಮ್ಮ ಕಡೆ ಹತ್ತು ಹದಿನೈದು ವರ್ಷ ಓಡಿದ ಪಿಕಪ್‌ಗಳೇ ಜಾಸ್ತಿ. ಗೊರೂರು ಕಡೆಯಿಂದ ಹಾಸನದ ಎಪಿಎಂಸಿಗೆ ಆಲೂಗಡ್ಡೆ, ರಾಮನಾಥಪುರದ ಹರಾಜು ಮಾರುಕಟ್ಟೆಗೆ ಹೊಗೆಸೊಪ್ಪು, ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿ, ಎಲ್ಲಾ ಇವುಗಳ ಬೆನ್ನ ಮೇಲೇ ಹೋಗೋದು. ನಾಲೆ ಏರಿ ಮೇಲೆ, ಕೆಸರು ಗದ್ದೆ ಬದೀಲಿ ಲೋಡ್ ಹಾಕ್ಕೊಂಡು ಫಸ್ಟು ಸೆಕೆಂಡಲ್ಲೇ ಎಳೀಬೇಕು. ಹಾಗಾಗಿ ಇಂಜಿನ್ನಿಗಿಂತ ಮೊದಲು ತಕರಾರು ತೆಗೆಯೋದು ಕ್ಲಚ್ಚು, ಗೇರು. ಗೇರ್ ಬೀಳ್ತಿಲ್ಲ ಅಂದ ಕೂಡಲೇ "ಬಾಕ್ಸ್ ಇಳಿಸಬೇಕು" ಅನ್ನೋ ಮಾತು ಬರುತ್ತೆ. ಅದಕ್ಕೆ ಮುಂಚೆ ನಾವೇ ಅರ್ಧ ಗಂಟೇಲಿ ನೋಡಬಹುದಾದ ಕೆಲವು ಪರೀಕ್ಷೆ ಇದಾವೆ, ಅದನ್ನ ಬರೀತಿದೀನಿ.

ಹೋದ ಮಳೆಗಾಲದಲ್ಲಿ ನಮ್ಮ ಗಾಡಿಗೇ ಹೀಗಾಯ್ತು. ಆಲೂಗಡ್ಡೆ ಕಿತ್ತು ಚೀಲ ತುಂಬಿ ಆಗಿತ್ತು. ಒದ್ದೆ ನೆಲದಲ್ಲಿ ಕಿತ್ತ ಗಡ್ಡೆ ಚೀಲದಲ್ಲಿ ಕೂತ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಗಾಡಿ ನೋಡಿದ್ರೆ ಫಸ್ಟ್ ಗೇರ್ ಬೀಳಲ್ಲ, ರಿವರ್ಸ್ ಹಾಕಿದ್ರೆ ಕರಕರ ಸದ್ದು. ಬಂದು ನೋಡಿದ ಮೆಕ್ಯಾನಿಕ್ ಒಬ್ಬರು, ಗೇರಿನ ಹಲ್ಲು ಹೋಗಿದೆ, ನಾಲ್ಕು ದಿನ ಬೇಕು, 30 ಸಾವಿರ ಇಟ್ಕೊಳ್ಳಿ ಅಂದ್ರು. ನಮ್ಮಣ್ಣ ನೇರ ಡ್ರೈವರ್ ಹುಡುಗನ ಮೇಲೆ ಬಿದ್ದ. "ಇವನು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತಾನೆ. ಸಂಬಳದಲ್ಲಿ ಹಿಡಿ." ಹುಡುಗ ತಲೆ ತಗ್ಗಿಸಿ ನಿಂತಿದ್ದ. "ಇಲ್ಲ ಕಣಣ್ಣ, ನಿನ್ನೆವರೆಗೂ ಸರಿ ಇತ್ತು" ಅಂತ ಅಷ್ಟೇ ಅಂದ. ವರ್ಷಕ್ಕೆ ಮೂರು ತಿಂಗಳ ದುಡಿಮೆ ಹೋಗೋ ಮಾತು ಅದು. ತಡಿ, ಮೊದಲು ನೋಡೋಣ ಅಂದೆ.

ಮೊದಲು ಇಂಜಿನ್ ಆಫ್ ಮಾಡಿ, ಕ್ಲಚ್ ತುಳಿದು ಒಂದೊಂದೇ ಗೇರ್ ಹಾಕಿಸಿದೆ. ರಿವರ್ಸ್ ಸೇರಿ ಎಲ್ಲಾ ಬೆಣ್ಣೆ ಥರ ಬಿದ್ವು. ಇಂಜಿನ್ ಸ್ಟಾರ್ಟ್ ಮಾಡಿದ್ರೆ ಒಂದೂ ಬೀಳಲ್ಲ. ಇದರ ಅರ್ಥ ಬಹಳ ದೊಡ್ಡದು. ಕ್ಲಚ್ ಅಂದ್ರೆ ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇರೋ ತೂಬು ಇದ್ದಂಗೆ. ತೂಬು ಪೂರ್ತಿ ಮುಚ್ಚದಿದ್ರೆ ಕಾಲುವೇಲಿ ನೀರು ಹರೀತಾನೇ ಇರುತ್ತೆ. ಹಂಗೇ, ಪೆಡಲ್ ತುಳಿದ್ರೂ ಕ್ಲಚ್ ಪೂರ್ತಿ ಬಿಡದಿದ್ರೆ ಒಳಗಿನ ಶಾಫ್ಟ್ ತಿರುಗ್ತಾನೇ ಇರುತ್ತೆ, ಗೇರ್ ಕಚ್ಚಲ್ಲ. ಆಫ್ ಇದ್ದಾಗ ಸಲೀಸು, ಆನ್ ಆದಾಗ ಕಷ್ಟ ಅಂದ್ರೆ ಮೊದಲ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಬಿಗಿ ಅಂದ್ರೆ ಗೇರ್ ಕೇಬಲ್, ಲಿಂಕ್ ರಾಡ್ ನೋಡಿ. ಅವು ಸರಿ ಇದ್ರೆ ಆಮೇಲೆ ಬಾಕ್ಸ್ ಒಳಗೆ.

ಆಮೇಲೆ ಇಂಜಿನ್ ಓಡ್ತಿರುವಾಗ ಪೆಡಲ್ಲನ್ನ ನಾಲ್ಕೈದು ಸಲ ಬೇಗ ಬೇಗ ತುಳಿದು ಗೇರ್ ಹಾಕು ಅಂದೆ. ಬಿತ್ತು! ಪಂಪ್ ಮಾಡಿದ್ರೆ ಬೀಳುತ್ತೆ ಅಂದ್ರೆ ಲೈನಲ್ಲಿ ಪ್ರೆಶರ್ ಸಾಲ್ತಿಲ್ಲ; ಎಲ್ಲೋ ಸೋರ್ತಿದೆ, ಇಲ್ಲಾ ಗಾಳಿ ಸೇರಿದೆ. ಡಬ್ಬಿ ನೋಡಿದ್ರೆ ಫ್ಲೂಯಿಡ್ ತಳ ಕಂಡಿತ್ತು. ನಮ್ಮ ಗಾಡೀಲಿ ಸ್ಲೇವ್ ಸಿಲಿಂಡರ್ ಗೇರ್ ಬಾಕ್ಸ್ ಹೊರಗೇ ಇದೆ. ಅದರ ರಬ್ಬರ್ ಸರಿಸಿ ನೋಡಿದ್ರೆ ಒಳಗೆಲ್ಲಾ ಒದ್ದೆ. ಒಳಗಿನ ವಾಷರ್ ಹರಿದಿತ್ತು. ಹಳೇ ಗಾಡೀಲಿ ಇದು ಸವೆದು ಹೋಗೋ ಸಾಮಾನು, ಹುಡುಗನ ಕಾಲಿಗೂ ಅದಕ್ಕೂ ಸಂಬಂಧ ಇಲ್ಲ. ಹೊಸ ಸ್ಲೇವ್ ಸಿಲಿಂಡರ್, ಫ್ಲೂಯಿಡ್, ಏರ್ ತೆಗೆದ ಕೂಲಿ ಎಲ್ಲಾ ಸೇರಿ 2 ಸಾವಿರದ ಒಳಗೆ ಮುಗೀತು. ಮಾರನೇ ಬೆಳಗ್ಗೆ ಅದೇ ಹುಡುಗ ಲೋಡ್ ತಗೊಂಡು ಹೋದ. ಅಣ್ಣ ಅವನಿಗೆ ಏನೂ ಹೇಳಲಿಲ್ಲ, ಟೀ ಲೋಟ ತಾನೇ ತಂದು ಕೊಟ್ಟ.

ಮಿಕ್ಕ ಲಕ್ಷಣಗಳನ್ನೂ ಬರೆದುಬಿಡ್ತೀನಿ.

ಆಕ್ಸಿಲರೇಟರ್ ಕೊಟ್ರೆ ಇಂಜಿನ್ ಕೂಗುತ್ತೆ, ಗಾಡಿ ಏಳಲ್ಲ, ಶಿರಾಡಿ ಘಾಟಿಯಂಥ ಏರಲ್ಲಿ ಸುಟ್ಟ ವಾಸನೆ: ಇದು ಕ್ಲಚ್ ಜಾರ್ತಿರೋದು. ಸಮ ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದೆ ಯಾರೂ ಇಲ್ಲ ಅಂತ ನೋಡ್ಕೊಂಡು, ನಾಲ್ಕನೇ ಗೇರಲ್ಲಿ ಕ್ಲಚ್ ನಿಧಾನಕ್ಕೆ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಓಡ್ತಾನೇ ಇದ್ರೆ ಪ್ಲೇಟ್ ಸವೆದಿರಬಹುದು. ಒಂದೇ ಸಲ ಮಾಡಿ, ಪದೇ ಪದೇ ಮಾಡಿದ್ರೆ ಪ್ಲೇಟ್ ಸುಡುತ್ತೆ.

ನ್ಯೂಟ್ರಲ್‌ನಲ್ಲಿ ಗೊರ್ ಅನ್ನೋ ಸದ್ದು, ಕ್ಲಚ್ ತುಳಿದ ತಕ್ಷಣ ನಿಂತ್ರೆ ಗೇರ್ ಬಾಕ್ಸಿನ ಮುಂದಿನ ಬೇರಿಂಗ್. ತುಳಿದಾಗ ಶುರುವಾದ್ರೆ ಕ್ಲಚ್ಚಿನ ರಿಲೀಸ್ ಬೇರಿಂಗ್.

ಗೇರ್ ಬಾಕ್ಸ್ ಆಯಿಲ್ ನೋಡೋಕೆ ಗಾಡಿ ಸಮತಟ್ಟಾಗಿ ನಿಲ್ಲಿಸಿ. ಎಷ್ಟೋ ಗಾಡೀಲಿ ಪಕ್ಕದ ಫಿಲ್ಲರ್ ಬೋಲ್ಟ್ ಬಿಚ್ಚಿದ್ರೆ ಆಯಿಲ್ ತೂತಿನ ಅಂಚಿಗೆ ಇರಬೇಕು. ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಬಸಿದಾಗ ಹಿತ್ತಾಳೆ ಬಣ್ಣದ ಸಣ್ಣ ಪುಡಿ ಜಾಸ್ತಿ ಇದ್ರೆ ಸಿಂಕ್ರೊ ರಿಂಗ್ ಸವೀತಿದೆ. ಕಬ್ಬಿಣದ ಚೂರು ಬಂದ್ರೆ ಹಲ್ಲು ಮುರಿದಿರಬಹುದು, ಆಗ ನಿಜವಾಗಿ ಬಾಕ್ಸ್ ಇಳಿಸಬೇಕು. ಹಿಂದಿನ ಹೌಸಿಂಗಿಗೆ ಹಾಕೋ ಆಯಿಲನ್ನೇ ಗೇರ್ ಬಾಕ್ಸಿಗೂ ಸುರಿಯೋ ಅಭ್ಯಾಸ ಇದೆ. ಹೌಸಿಂಗಿನ ಜಿಎಲ್-5 ಆಯಿಲಲ್ಲಿರೋ ಮದ್ದು ಕೆಲವು ಸಲ ಹಿತ್ತಾಳೆ ರಿಂಗನ್ನ ತಿನ್ನುತ್ತೆ. ಗಾಡಿ ಪುಸ್ತಕದಲ್ಲಿ ಜಿಎಲ್-4 ಅಂತಿದ್ರೆ ಅದನ್ನೇ ಹಾಕಿ. ಕ್ಲಚ್ ಡಬ್ಬಿಗಂತೂ ಇಂಜಿನ್ ಆಯಿಲ್ ಒಂದು ಹನಿನೂ ಬೇಡ, ರಬ್ಬರೆಲ್ಲಾ ಊದಿಕೊಳ್ಳುತ್ತೆ. ಕೆಲವು ಗಾಡೀಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅದು ಖಾಲಿ ಆಗ್ತಿದ್ರೆ ಗಾಡಿ ಓಡಿಸಲೇಬೇಡಿ.

ಈಗ ಸೆಕೆಂಡ್‌ಹ್ಯಾಂಡ್ ಆಟೋಮ್ಯಾಟಿಕ್ ಗಾಡಿಗಳೂ ಹಳ್ಳಿಗೆ ಬರ್ತಿದಾವೆ. ಎಎಂಟಿ ಅಂದ್ರೆ ಒಳಗೆ ನಮ್ಮಂಥದ್ದೇ ಕ್ಲಚ್ಚು, ಗೇರು. ಕಾಲು ಮಾಡೋ ಕೆಲಸ ಮಷೀನ್ ಮಾಡುತ್ತೆ ಅಷ್ಟೇ. ಟಾರ್ಕ್ ಕನ್ವರ್ಟರ್ ಇರೋ ಪೂರ್ತಿ ಆಟೋಮ್ಯಾಟಿಕ್ ಬೇರೆ, ಅದು ನಡೆಯೋದೇ ಆಯಿಲ್ ಪ್ರೆಶರಲ್ಲಿ. ಡಿ ಗೆ ಹಾಕಿದ ಮೇಲೆ ಗಾಡಿ ತಡವಾಗಿ ಹಿಡಿದ್ರೆ, ಗೇರ್ ಬದಲಾಗುವಾಗ ಇಂಜಿನ್ ಕೂಗಿದ್ರೆ, ಮೊದಲು ಆಯಿಲ್ ಮಟ್ಟ, ಬಣ್ಣ, ವಾಸನೆ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಒಳಗಿನ ಪ್ಲೇಟ್‌ಗಳು ಸುಟ್ಟಿರಬಹುದು. ಕೆಟ್ಟು ನಿಂತಾಗ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೀಬೇಡಿ. ಇಂಜಿನ್ ಆಫ್ ಇದ್ರೆ ಆಯಿಲ್ ಪಂಪ್ ಓಡಲ್ಲ, ಚಕ್ರ ತಿರುಗಿದಷ್ಟೂ ಒಳಗಿನ ಭಾಗ ಒಣಗಿ ಸವೆಯುತ್ತೆ.

ಗಾಡಿ ಕೆಳಗೆ ಹೋಗೋರು ಬರೀ ಜಾಕ್ ನಂಬಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಮೆಕ್ಯಾನಿಕ್ ಹತ್ರ ಹೋಗುವಾಗ ಯಾವ ಗೇರು, ಬಿಸಿ ಇದ್ದಾಗಲೋ ತಣ್ಣಗಿದ್ದಾಗಲೋ, ಇಂಜಿನ್ ಆಫ್ ಇದ್ದಾಗ ಹೇಗೆ ಅಂತ ಒಂದು ಚೀಟೀಲಿ ಬರ್ಕೊಂಡು ಹೋಗಿ. ಒಳ್ಳೆ ಮೆಕ್ಯಾನಿಕ್‌ಗೆ ಅದರಿಂದ ಅರ್ಧ ಕೆಲಸ ಉಳಿಯುತ್ತೆ. ನೋಡದೇನೇ ಬಾಕ್ಸ್ ಇಳಿಸೋಣ ಅನ್ನೋರು ಯಾರು ಅಂತ್ಲೂ ನಿಮಗೆ ಗೊತ್ತಾಗುತ್ತೆ.