ಶಿವರಾಯಿ ಕಟ್ಟಿಕೊಂಡು ಕೊಲ್ಲಾಪುರಕ್ಕೆ

ಕೆಲವರಿಗೆ ಸೀರೆಯ ಹುಚ್ಚು, ಕೆಲವರಿಗೆ ನಾಟಕದ ಹುಚ್ಚು. ನನಗೆ ಹಳೆಯ ನಾಣ್ಯಗಳ ಹುಚ್ಚು. ಚಿಕ್ಕೋಡಿಯಲ್ಲಿ ಸಂಸಾರ ಹೂಡಿದ ಹೆಂಗಸಿಗೆ ಇದೆಲ್ಲಿಂದ ಅಂಟಿತೋ ಎಂದು ಓರಗಿತ್ತಿಯರು ನಗುತ್ತಾರೆ. ನಗಲಿ ಬಿಡಿ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಕೂಡಿಡುವ ನಮಗಲ್ಲದೆ ನಾಣ್ಯದ ಮೋಹ ಇನ್ನಾರಿಗೆ ಇದ್ದೀತು!

ಬೆಳಗಾವಿಯಲ್ಲೋ ಕೊಲ್ಲಾಪುರದಲ್ಲೋ ನಾಣ್ಯ ಪ್ರದರ್ಶನವಿದೆ ಎಂದು ತಿಳಿದರೆ ಸಾಕು, ಬೆಳಗಿನ ಅಡಿಗೆ ಮುಗಿಸಿ ಬಸ್ಸು ಹತ್ತಿಬಿಡುತ್ತೇನೆ. ಆದರೆ ಕಳೆದ ಸಲ ಕೊಲ್ಲಾಪುರಕ್ಕೆ ಹೊರಟಾಗ ಮನಸ್ಸು ಹಗುರವಾಗಿರಲಿಲ್ಲ.

ಮಗಳ ಬಾಣಂತನ ನಮ್ಮಲ್ಲೇ ಆಗಿತ್ತು. ಮೊಮ್ಮಗಳ ನಾಮಕರಣ ಹತ್ತಿರ ಬಂತು. ಬೆಳ್ಳಿಯ ದರ ಕೇಳಿದರೆ ಎದೆ ಝಲ್ಲೆನ್ನುತ್ತದೆ. ನಮ್ಮ ಅತ್ತೆಯವರ ಟ್ರಂಕಿನಲ್ಲಿ ಒಂದು ಕೆಂಪು ಬಟ್ಟೆಯ ಗಂಟಿದೆ. ಒಂಬತ್ತು ಬೆಳ್ಳಿ ರೂಪಾಯಿ, ಒಂದು ತಾಮ್ರದ ದುಡ್ಡು, ಹರಿದುಹೋದ ಪುತಳಿ ಸರದ ಒಂದೇ ಒಂದು ಪುತಳಿ. ನಮ್ಮ ಮನೆಯವರು, "ಗಂಟಿನ್ಯಾಗ ಇಟ್ಟು ಏನ್ ಮಾಡೂದೈತಿ? ಪತ್ತಾರಗ ಕೊಟ್ಟು ಕರಗಿಸಿ ಕೂಸಿಗೆ ಕಾಲ್ಗೆಜ್ಜಿ ಮಾಡಸೂಣು" ಎಂದರು. ಅತ್ತೆಯವರು ಮಾತಾಡಲಿಲ್ಲ. ಗಂಟನ್ನು ಇನ್ನೊಮ್ಮೆ ಬಿಗಿದು ಕಟ್ಟಿದರು, ಅಷ್ಟೇ.

"ನಾಲ್ಕು ದಿನ ತಡೀರಿ, ಒಮ್ಮೆ ತೋರಿಸಿಕೊಂಡು ಬರ್ತೀನಿ" ಎಂದು ಇಸಿದುಕೊಂಡೆ. ಹಿಂದಿನ ರಾತ್ರಿ ಹುಣಸೆಹಣ್ಣು, ಉಪ್ಪು ಹಚ್ಚಿ ತಾಮ್ರದ ದುಡ್ಡನ್ನು ತಂಬಿಗೆ ಬೆಳಗಿದ ಹಾಗೆ ಫಳಫಳ ಬೆಳಗಿದೆ. ನಾಲ್ಕು ಜನರ ಮುಂದೆ ಇಡುವುದಲ್ಲವೆ!

ಚಿಕ್ಕೋಡಿಯಿಂದ ನಿಪ್ಪಾಣಿ ತನಕ ಶಕ್ತಿ ಯೋಜನೆಯ ಬಿಟ್ಟಿ ಟಿಕೀಟು. ನಿಪ್ಪಾಣಿ ಬಂತೆಂದು ಕಣ್ಣು ಮುಚ್ಚಿಕೊಂಡಿದ್ದರೂ ಗೊತ್ತಾಗುತ್ತದೆ. ತಂಬಾಕಿನ ಘಾಟು ಮೂಗಿಗೆ ಬಡಿಯುತ್ತದೆ. ಅಲ್ಲಿ ಬಸ್ಸು ಬದಲಿಸಿ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಅಂಗಡಿಗಳ ಬೋರ್ಡು ಮರಾಠಿಯಾಗುತ್ತವೆ. ಕಾಗಲ್ ದಾಟಿದರೆ ಕೊಲ್ಲಾಪುರ. ಗಂಟನ್ನು ಸೆರಗಿನೊಳಗೆ ಒತ್ತಿ ಹಿಡಿದೇ ಕೂತಿದ್ದೆ.

ಪ್ರದರ್ಶನ ಎಂದರೆ ಒಂದು ದೊಡ್ಡ ಸಭಾಗೃಹದ ತುಂಬ ಸಾಲು ಮೇಜುಗಳು. ನಮ್ಮ ವಾರದ ಸಂತೆಯದೇ ಗದ್ದಲ. ಬದನೆಕಾಯಿ ಬದಲು ತಟ್ಟೆಗಳಲ್ಲಿ ನಾಣ್ಯಗಳು, ತಕ್ಕಡಿಯ ಬದಲು ಭೂತಗನ್ನಡಿಗಳು. ಶಾಲೆಯ ಹುಡುಗರು ಹತ್ತಿಪ್ಪತ್ತು ರೂಪಾಯಿಗೆ ಹೊರದೇಶದ ಚಿಲ್ಲರೆ ಆರಿಸುತ್ತಿದ್ದರು. ಹೆಂಗಸರು ಮಾತ್ರ ಬೆರಳೆಣಿಕೆ.

ಒಬ್ಬರು 1911 ರ ರೂಪಾಯಿ ತೋರಿಸಿದರು. ಐದನೆಯ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಸಣ್ಣ ಆನೆಯಿದೆ. ಅದು ಜನರ ಕಣ್ಣಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು. ಸರಕಾರ ಹೆಚ್ಚಿನವನ್ನು ಕರಗಿಸಿ, 1912 ರಿಂದ ಆನೆಯ ಆಕಾರ ತಿದ್ದಿ ಅಚ್ಚು ಹಾಕಿತು. ಉಳಿದದ್ದಕ್ಕೆ ಈಗ ಬೇಡಿಕೆ. ಇನ್ನೊಂದು ಮೇಜಿನಲ್ಲಿ ಮಿರಜದ ರೂಪಾಯಿ. ಕಾಗವಾಡದ ಗಡಿ ದಾಟಿದರೆ ಸಿಗುವ ಅದೇ ಮಿರಜ, ಹಳೆಯ ನಾಣ್ಯಗಳಲ್ಲಿ ಮುರ್ತಜಾಬಾದ್! ಗೋಕಾಕದಲ್ಲೂ ಟಂಕಸಾಲೆ ಇತ್ತಂತೆ. ಮರಾಠರ ಆಳ್ವಿಕೆಯಲ್ಲೂ ಇಂಥ ರೂಪಾಯಿಗಳ ಮೇಲೆ ಪಾರ್ಸಿ ಲಿಪಿಯಲ್ಲಿ ದಿಲ್ಲಿ ಬಾದಶಹನ ಹೆಸರೇ ಇರುತ್ತಿತ್ತು.

ಕೊನೆಗೆ ಮೂಲೆಯ ಮೇಜಿನ ಹಿರಿಯರೊಬ್ಬರ ಮುಂದೆ ಗಂಟು ಬಿಚ್ಚಿದೆ. ತಾಮ್ರದ ದುಡ್ಡು ನೋಡಿದ್ದೇ ಅವರ ಮುಖ ಸಣ್ಣಗಾಯಿತು. "ವೈನೀ, ಹುಣಸೆಹಣ್ಣು ಹಚ್ಚೀರೇನ್ರಿ?"

ನಾನು ಹೆಮ್ಮೆಯಿಂದ ಹೌದೆಂದೆ.

"ಮುನ್ನೂರು ವರ್ಷದ ಬಣ್ಣ ಒಂದ ರಾತ್ರ್ಯಾಗ ತಗದ್ರಿ ನೋಡ್ರಿ."

ನಿಂತ ನೆಲ ಕುಸಿದ ಹಾಗಾಯಿತು. ಅದು ಶಿವರಾಯಿ. ಒಂದು ಬದಿಗೆ 'ಶ್ರೀ ರಾಜಾ ಶಿವ', ಇನ್ನೊಂದು ಬದಿಗೆ 'ಛತ್ರಪತಿ'. 1674 ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕವಾದ ಮೇಲೆ ಹುಟ್ಟಿದ ಅಚ್ಚು. ಅದೇ ಅಕ್ಷರಗಳಲ್ಲಿ ಮುಂದಿನವರೂ ಹೊಡೆಸುತ್ತ ಬಂದರು. ಹಳೆಯ ತಾಮ್ರಕ್ಕೆ ಕಟ್ಟುವ ಕಂದುಬಣ್ಣವೇ ಅದರ ರಕ್ಷೆ. ತಿಕ್ಕಿದರೆ ಅಕ್ಷರ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ.

ಪುತಳಿಯನ್ನು ಗನ್ನಡಿಯಲ್ಲಿ ತೋರಿಸಿದರು. ಇಟಲಿ ದೇಶದ ವೆನಿಸ್ಸಿನ ಚಿನ್ನದ ಡುಕಾಟ್ ವ್ಯಾಪಾರಿಗಳ ಜೊತೆ ನಮ್ಮ ನಾಡಿಗೆ ಬಂತು. ಅದರ ಮೇಲೆ ನಿಂತ, ಮೊಣಕಾಲೂರಿದ ಮೂರ್ತಿಗಳಿದ್ದವು. ಪುತಳಿ ಎಂದರೆ ಬೊಂಬೆ. ಆ ಹೆಸರೇ ನಿಂತು, ನಮ್ಮ ಪತ್ತಾರರು ಅದರಂತೆಯೇ ತೆಳುವಾದ ಬಿಲ್ಲೆ ಮಾಡಿ ಸರ ಪೋಣಿಸಿದರು. ನಮ್ಮದು ಪತ್ತಾರರು ಮಾಡಿದ್ದೇ. ಪಾಪ, ಏನೂ ತಿಳಿಯದೆ ಅಜ್ಜಿಯರು ವೆನಿಸನ್ನು ಕೊರಳಲ್ಲಿ ಕಟ್ಟಿಕೊಂಡಿದ್ದರು!

ರೂಪಾಯಿಗಳು ಎಲ್ಲೆಡೆ ಸಿಗುವಂಥವೇ. ಒಂದೊಂದೂ ಸರಿಯಾಗಿ ಒಂದು ತೊಲೆ, 11.66 ಗ್ರಾಂ. ಹಿಂದಿನವರು ಏಲಕ್ಕಿ, ಕೇಸರಿಯನ್ನು 'ಒಂದು ರೂಪಾಯಿ ತೂಕ' ಎನ್ನುತ್ತಿದ್ದುದು ಇದಕ್ಕೇ. 1939 ರ ವರೆಗಿನದರಲ್ಲಿ ನೂರಕ್ಕೆ 91 ಪಾಲಿಗೂ ಹೆಚ್ಚು ಬೆಳ್ಳಿ. 1940 ರಿಂದ ಅರ್ಧಕ್ಕರ್ಧ. 1947 ರದು ಬರೀ ನಿಕಲ್. ಪತ್ತಾರನ ಕೈಗೆ ಕೊಡುವ ಮುಂಚೆ ಇಸವಿ ನೋಡಿಕೊಳ್ಳಿ.

ಆಮೇಲೆ ಆ ಹಿರಿಯರು ಸಹಜವಾಗಿ ಕೇಳಿದರು: "ಇವು ಯಾರ ಕಡಿಂದ ಬಂದಾವ್ರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ಒಮ್ಮೆಯೂ ಕೇಳಿರಲಿಲ್ಲ. ಮೊಗಲರ ನಾಣ್ಯ ಓದಲು ಬರುತ್ತದೆಂದು ಬೀಗುವ ನನಗೆ ಮನೆಯ ಗಂಟು ಓದಲು ಬಂದಿರಲಿಲ್ಲ.

ಅಲ್ಲಿ ಕೊಂಡದ್ದು ಒಂದೇ, 1980 ರ ಇಪ್ಪತ್ತೈದು ಪೈಸೆ. 'ಗ್ರಾಮೀಣ ಮಹಿಳೆಯ ಪ್ರಗತಿ' ಎಂದು ಹೊರಡಿಸಿದ್ದು. ಅದರ ಮೇಲೆ ಬೀಸುಕಲ್ಲಿನ ಮುಂದೆ ಕೂತ ಹೆಣ್ಣುಮಗಳಿದ್ದಾಳೆ.

ರಾತ್ರಿ ಊಟವಾದ ಮೇಲೆ ಅತ್ತೆಯವರ ಹಾಸಿಗೆಯ ಹತ್ತಿರ ಕೂತು ಗಂಟು ಬಿಚ್ಚಿದೆ. ತಪ್ಪು ಒಪ್ಪಿಕೊಂಡು, ಅದೇ ಪ್ರಶ್ನೆ ಕೇಳಿದೆ. ಅವರು ಒಂದೊಂದನ್ನೇ ಅಂಗೈಯಲ್ಲಿ ಇಟ್ಟುಕೊಂಡು ಹೇಳತೊಡಗಿದರು. ರೂಪಾಯಿಗಳು ರಾಯಬಾಗದ ತವರಿನವು. 1949 ರ ತನಕ ರಾಯಬಾಗ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಕಾಲದಲ್ಲಿ ಅವರ ತಾಯಿ ಬೆಣ್ಣೆ ಮಾರಿ ಕೂಡಿಟ್ಟದ್ದು. ಪುತಳಿ ಅಥಣಿಯ ಅಜ್ಜಿಯದು. ಬರಗಾಲದಲ್ಲಿ ಸರ ಮಾರಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದರಂತೆ. ಶಿವರಾಯಿ ಕಾಗವಾಡದ ಸೋದರತ್ತೆ ತಂದದ್ದು, ನಮ್ಮ ಮನೆಯವರನ್ನು ತೊಟ್ಟಿಲಿಗೆ ಹಾಕುವಾಗ ಬಟ್ಟೆಯ ಕೆಳಗಿಟ್ಟಿದ್ದರಂತೆ.

"ಇಷ್ಟ ದಿನಾ ಯಾಕ ಹೇಳಲಿಲ್ರಿ?" ಎಂದೆ.

"ಯಾರೂ ಕೇಳಲೇ ಇಲ್ಲಲ್ಲ ಯವ್ವಾ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನಮ್ಮ ಮನೆಯವರು ಮತ್ತೆ ಕರಗಿಸುವ ಮಾತೆತ್ತಲಿಲ್ಲ. ಅತ್ತೆಯವರೇ ಎರಡು ರೂಪಾಯಿ ಆರಿಸಿ ಕೊಟ್ಟರು: "ನಮ್ಮವ್ವನ ಬೆಣ್ಣಿ ರೊಕ್ಕ, ಕೂಸಿನ ಕಾಲಾಗ ಇರಲಿ." ಉಳಿದವನ್ನು ಬೇರೆಬೇರೆ ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ಕೊಟ್ಟವರ ಹೆಸರು ಬರೆದೆ.

ನಿಮ್ಮ ಮನೆಯಲ್ಲೂ ಇಂಥ ಗಂಟಿದ್ದರೆ ದಯವಿಟ್ಟು ತಿಕ್ಕಬೇಡಿ, ಅಂಚು ಹಿಡಿದು ನೋಡಿ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಯಾರಾದರೂ ಫೋನು ಮಾಡಿದರೆ ನಂಬಬೇಡಿ. ರಿಸರ್ವ್ ಬ್ಯಾಂಕೇ 2021 ರಲ್ಲಿ ಎಚ್ಚರಿಕೆ ಕೊಟ್ಟಿದೆ. ರಾಮ, ಹನುಮಂತರ ಚಿತ್ರವಿರುವ 1818 ರ ತಾಮ್ರದ ಬಿಲ್ಲೆಗಳು ಕಂಪನಿ ಸರಕಾರದ ನಾಣ್ಯಗಳೇ ಅಲ್ಲ.

ನಾಮಕರಣದ ದಿನ ಅತ್ತೆಯವರು ನಡುಗುವ ಕೈಯಿಂದ ಶಿವರಾಯಿಯನ್ನು ತೊಟ್ಟಿಲ ಬಟ್ಟೆಯ ಕೆಳಗಿಟ್ಟರು. ನನ್ನ ಹುಣಸೆಹಣ್ಣಿನ ಹೊಳಪು ಅದರ ಮೇಲೆ ಇನ್ನೂ ಇತ್ತು. ಕಂದುಬಣ್ಣ ಮತ್ತೆ ಕಟ್ಟಲು ಬಹಳ ವರ್ಷ ಬೇಕು. ಮೊಮ್ಮಗಳು ದೊಡ್ಡವಳಾಗಲಿ, ಅದನ್ನೂ ಅವಳಿಗೆ ಹೇಳುತ್ತೇನೆ.